ಈ ಹೆಸರಿನವರು ಯಾರೂ ಇಲ್ಲ

ವರದಾಬಾಯಿಯವರು ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ನವನಗರದ ಆ ಸೆಕ್ಟರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಂಗಿಯ ಮಗಳ ಮದುವೆಗೆ ಹೋಗಲಿಲ್ಲ. ಬಾದಾಮಿಯಲ್ಲಿ ಮೈದುನ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರೆ ಹೋಗಲಿಲ್ಲ. ಪಟ್ಟದಕಲ್ಲಿಗೆ ಹೋಗಿ ಸಂಜೆಯೊಳಗೆ ಬಂದುಬಿಡೋಣ ಬನ್ನಿ ಎಂದು ಪಕ್ಕದ ಮನೆಯವರು ಕಾರನ್ನೇ ಬಾಗಿಲಿಗೆ ತಂದು ನಿಲ್ಲಿಸಿದಾಗಲೂ, "ಇಲ್ರೀ, ಮನಿಯೊಳಗ ಮಂದಿ ಇದ್ದಾರ" ಎಂದು ಕಳಿಸಿಬಿಟ್ಟರು. ಮಂದಿ ಎಂದರೆ ಯಾರು? ಗಂಡ ಮಧುಸೂದನರು ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳು ಆಗಲಿಲ್ಲ. ಆ ಮನೆಯಲ್ಲಿ ಇದ್ದದ್ದು ಮಾಳಿಗೆ ಹತ್ತುವ ಜಿನೆಯ ಕೆಳಗಿನ ಸಂದಿಯಲ್ಲಿ, ಒಂದು ಸ್ಟೂಲಿನ ಮೇಲೆ ಕೂತು ಸದಾ ಗುಂಯ್‌ಗುಡುವ ಹಳೆಯ ಕಂಪ್ಯೂಟರು.

ಆ ಕಂಪ್ಯೂಟರಿನೊಳಗೆ ಒಂದು ಇಡೀ ಓಣಿ ಇತ್ತು. ಹಳೇ ಬಾಗಲಕೋಟೆಯ ಹೊಳಿ ಓಣಿ. ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಮೊದಲು ಮುಳುಗಿದ ಓಣಿಗಳಲ್ಲಿ ಅದೂ ಒಂದು. ಪರಿಹಾರ ಬಂತು, ನವನಗರದಲ್ಲಿ ಜಾಗ ಬಂತು. ಆದರೆ ಗೋಡೆಗೆ ಗೋಡೆ ಹಚ್ಚಿ ಇದ್ದವರಲ್ಲಿ ಒಬ್ಬರು ಈ ಸೆಕ್ಟರಿಗೆ ಬಂದರೆ ಇನ್ನೊಬ್ಬರು ಊರಾಚೆಯ ಸೆಕ್ಟರಿಗೆ ಹೋದರು. ದುಡ್ಡು ಕೈಗೆ ಬಂದವರು ಕೆಲವರು ಜಿಲ್ಲೆಯನ್ನೇ ಬಿಟ್ಟರು. ನೀರಿಗೆ ಬೇಕಾಗಿದ್ದದ್ದು ಮನೆಗಳು ಮಾತ್ರ, ನೆರೆಹೊರೆ ಸುಮ್ಮನೆ ಜೊತೆಗೆ ಕೊಚ್ಚಿಹೋಯಿತು. ಅದರ ಲೆಕ್ಕ ಯಾವ ಆಫೀಸಿನಲ್ಲೂ ಇಲ್ಲ.

ವರದಾಬಾಯಿಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯ ಹೊಸ್ತಿಲಲ್ಲಿ ಇದ್ದಾಗ ಮಾಸ್ತರುಗಳಿಗೆಲ್ಲ ಕಂಪ್ಯೂಟರ್ ತರಬೇತಿ ನಡೆಯಿತು. ಉಳಿದವರು ಚಹಾ, ಮಿರ್ಚಿ ಮುಗಿಸಿ ಸಹಿ ಹಾಕಿ ಹೋದರು. ಇವರೊಬ್ಬರು ಕೂತು ಕಲಿತರು. ನಿವೃತ್ತಿಯಾದ ಮೇಲೆ ಅದನ್ನೇ ಹಿಡಿದುಕೊಂಡು ಹೊಳಿ ಓಣಿಗೆ ಒಂದು ವೆಬ್‌ಸೈಟ್ ಕಟ್ಟಿದರು. ಬಂದವರು ಒಂದು ಚೌಕದಲ್ಲಿ ಹೆಸರು ಬರೆದರೆ, ಅವರ ಮನೆ ಓಣಿಯಲ್ಲಿ ಎಲ್ಲಿತ್ತು, ಈಗ ಯಾವ ಸೆಕ್ಟರಿನಲ್ಲಿ ಇದೆ ಎಂದು ತೋರಿಸುತ್ತಿತ್ತು. ಹೆಸರು ಸಿಗದಿದ್ದರೆ ಒಂದೇ ಸಾಲು ಬರುತ್ತಿತ್ತು: "ಈ ಹೆಸರಿನವರು ಹೊಳಿ ಓಣಿಯಲ್ಲಿ ಯಾರೂ ಇಲ್ಲ." ಆ ಸಾಲನ್ನು ಅವರೇ ಬರೆದದ್ದು. ಕ್ಷಮಿಸಿ, ದಯವಿಟ್ಟು ಎಂಬ ಬಾಲ ಕೊಂಬು ಏನೂ ಇಲ್ಲದೆ, ಉತ್ತರ ಎಂದರೆ ಉತ್ತರ. ಹುಡುಗರ ಉತ್ತರಪತ್ರಿಕೆಯಲ್ಲಿಯೂ ಅವರಿಗೆ ಹೆಚ್ಚು ಮಾತು ಸೇರುತ್ತಿರಲಿಲ್ಲ.

ಯಂತ್ರ ಕೆಟ್ಟಾಗ ರಿಪೇರಿಗೆ ಬರುತ್ತಿದ್ದವನು ವಿಕ್ರಮ. ಅವರ ಹಳೆಯ ವಿದ್ಯಾರ್ಥಿ, ಈಗ ತಲೆಗೂದಲು ಅರ್ಧ ಬೆಳ್ಳಗಾದವನು, ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಬಂದಾಗಲೆಲ್ಲ ಅದೇ ರಾಗ.

"ಅಕ್ಕೋರ, ಇದನ್ನ ಯಾಕ ಮನಿಯಾಗ ಇಟಗೊಂಡು ಕಾಯ್ತೀರಿ? ಹೊರಗ ಬಾಡಗಿಗೆ ಜಾಗಾ ಸಿಗ್ತದ. ಅಲ್ಲಿ ಇಟ್ಟುಬಿಟ್ರ ಕರೆಂಟ್ ಹೋದ್ರೂ ಚಿಂತಿಲ್ಲ, ನೀವು ಊರಿಗೆ ಹೋದ್ರೂ ಚಿಂತಿಲ್ಲ."

"ಒಂದ ಸಲ ಎತ್ತಿ ಒಗದಾರಲ್ಲೋ ಆ ಓಣೀನ, ಸಾಲದೇನು? ಮತ್ತ ಬಾಡಗಿ ಮನಿಗೆ ಕಳಸೂದಿಲ್ಲ ನಾ. ನಮ್ಮ ಮನಿಯೊಳಗಽ ಇರ್ಲಿ."

ಅಕ್ಕೋರ ಬಾಯಿಗೆ ಎದುರಾಡುವ ಧೈರ್ಯ ಅವನಿಗೆ ಹೈಸ್ಕೂಲಿನಲ್ಲೂ ಇರಲಿಲ್ಲ. ಬ್ಯಾಟರಿಯ ನೀರು ನೋಡಿ, ಧೂಳು ಊದಿ ಹೋಗುತ್ತಿದ್ದ. ಕರೆಂಟು ಹೋಗಿ ಬಂದರೆ ಗುಂಡಿ ಒತ್ತಲು ಒಬ್ಬರು ಮನೆಯಲ್ಲಿ ಇರಲೇಬೇಕಾಗುತ್ತಿತ್ತು. ಅದಕ್ಕೇ ವರದಾಬಾಯಿಯವರಿಗೆ ಮದುವೆಯಿಲ್ಲ, ಮುಂಜಿವೆಯಿಲ್ಲ.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಿದರೆ ಓಣಿಗಾಗಿ ಎನ್ನುತ್ತಿದ್ದರು. ಅದು ಅರ್ಧ ಸುಳ್ಳು. ಅವರಿಗೆ ಬೇಕಾಗಿದ್ದದ್ದು ಶೇಖವ್ವ ಒಬ್ಬಳೇ.

ಶೇಖವ್ವ ಆ ಓಣಿಯಲ್ಲಿ ಅವರ ತವರಿನ ಎದುರುಮನೆಯ ನೇಕಾರ ಲಕ್ಷ್ಮಪ್ಪನ ಮಗಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿ ಅವಳನ್ನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಆಮೇಲೂ ಈ ಮನೆಯ ಹುಡುಗಿ ಪಾಟಿ ಹಿಡಿದುಕೊಂಡು ಆ ಮಗ್ಗದ ಪಕ್ಕಕ್ಕೇ ಹೋಗಿ ಲೆಕ್ಕ ಮಾಡುತ್ತಿದ್ದಳು. ಒಬ್ಬಳ ಕೈಯಲ್ಲಿ ನೂಲು, ಒಬ್ಬಳ ಕೈಯಲ್ಲಿ ಬಳಪ, ಬಾಯಿ ಮಾತ್ರ ಇಬ್ಬರದೂ ಒಂದೇ ಸಮ. ಆಮೇಲೆ ಇಬ್ಬರ ಮದುವೆಯೂ ಆಯಿತು. ಶೇಖವ್ವನಿಗೆ ಕಲಿತ ನಾಲ್ಕಕ್ಷರವೂ ಮರೆತುಹೋಗಿತ್ತು, ಹಾಗಾಗಿ ಪತ್ರದ ಮಾತೇ ಇರಲಿಲ್ಲ. ಓಣಿ ಮುಳುಗಿದಾಗ, ಅವಳ ಸುದ್ದಿ ಹೇಳಬಹುದಾಗಿದ್ದ ಲಕ್ಷ್ಮಪ್ಪನ ಮನೆಯವರೂ ಎಲ್ಲಿಗೋ ಹೊರಟುಹೋದರು. ರಬಕವಿ ಎಂದರು ಒಬ್ಬರು, ಗುಳೇದಗುಡ್ಡ ಎಂದರು ಇನ್ನೊಬ್ಬರು. ಇವರು ಸಾಲಿಯ ರಜೆಯಲ್ಲಿ ಎರಡೂ ಊರಿಗೆ ಹೋಗಿ ಕೇಳಿ, ಬರಿಗೈಯಲ್ಲಿ ಬಂದರು. ಜೀವನದಲ್ಲಿ ಅವರಿಗೆ ಬೇಕಾದಷ್ಟು ಜನ ಸಿಕ್ಕರು, ಆದರೆ ಮನಸ್ಸಿಗೆ ಬಂದದ್ದನ್ನು ಯೋಚಿಸದೆ ಹೇಳುವ ಜಾಗ ಮತ್ತೊಂದು ಸಿಗಲಿಲ್ಲ. ಗಂಡ ಒಳ್ಳೆಯವರೇ. ಅವರೊಡನೆ ಮಾತಾಡುವಾಗಲೂ ಒಂದು ಸಲ ಒಳಗೆ ಓದಿ ನೋಡಿಕೊಂಡೇ ಆಡುತ್ತಿದ್ದರು.

ವೆಬ್‌ಸೈಟಿನಲ್ಲಿ ಲಕ್ಷ್ಮಪ್ಪನ ಮನೆಯ ಮುಂದೆ "ಶೇಖವ್ವ, ಈಗ ಎಲ್ಲಿದ್ದಾಳೆ ಗೊತ್ತಿಲ್ಲ, ಗೊತ್ತಿದ್ದವರು ಇಲ್ಲಿ ಬರೆಯಿರಿ" ಎಂದು ಹಾಕಿದ್ದರು. ಯಾರಾದರೂ ಅಲ್ಲಿ ಬರೆದರೆ ಕಂಪ್ಯೂಟರಿನಲ್ಲಿ ಗಂಟೆ ಬಾರಿಸುವಂತೆ ಏರ್ಪಾಡು ಮಾಡಿಕೊಂಡಿದ್ದರು. ಅದು ಒಮ್ಮೆಯೂ ಬಾರಿಸಲಿಲ್ಲ. ಓಣಿಗೆ ಯಾರಾದರೂ ಬಂದರೆ ಇಂಟರ್ನೆಟ್ ಡಬ್ಬಿಯ ಮೇಲೆ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ವರದಾಬಾಯಿಯವರು ಊಟದ ತಾಟನ್ನು ಅದರ ಎದುರಿಗೇ ಇಟ್ಟುಕೊಂಡು ಕೂಡುತ್ತಿದ್ದರು. ದೀಪ ಮಿಣುಕಿದರೆ ಯಾರೋ ಬಂದರು ಎಂದು ಒಂದು ತುತ್ತು ಹೆಚ್ಚು ಇಳಿಯುತ್ತಿತ್ತು. ನಗುವವರು ನಗಲಿ, ಒಬ್ಬರೇ ಉಣ್ಣುವವರಿಗೆ ಗೊತ್ತು ಆ ಕಷ್ಟ.

ಆ ಸುಖಕ್ಕೂ ವಿಕ್ರಮ ಒಮ್ಮೆ ಕಲ್ಲು ಹಾಕಿದ. "ಅವು ಮನುಷ್ಯಾರಲ್ರೀ ಅಕ್ಕೋರ. ಭಾಳಷ್ಟು ಮಷೀನು. ಕಂಪನಿಗಳ ಮಷೀನು ಎಲ್ಲಾರ ಮನಿ ಕದಾ ಬಡಕೋತ ತಿರಗ್ತಾವ, ಒಳಗ ಏನದ ನೋಡಿ ಹೋಗ್ತಾವ." ಅವನು ಜ್ಞಾನ ಹೇಳಿದ್ದ ಅಷ್ಟೇ. ಅಂದಿನಿಂದ ಅವರು ಅಡುಗೆಮನೆಯಲ್ಲೇ ಉಂಡರು. ಕೆಲವು ದಿನ ಕಳೆದ ಮೇಲೆ ತಾಟು ಮತ್ತೆ ಜಿನೆಯ ಹತ್ತಿರ ಬಂತು. ಆದರೆ ದೀಪ ಮಿಣುಕಿದಾಗಲೆಲ್ಲ "ಮಷೀನು" ಎಂದುಕೊಂಡು ಕಣ್ಣು ತಿರುಗಿಸುವುದು ಅಭ್ಯಾಸವಾಯಿತು.

ಆ ಬೇಸಿಗೆಯಲ್ಲಿ ಕಂಪ್ಯೂಟರಿನ ಒಳಗಿಂದ ಟಕ್ ಟಕ್ ಸದ್ದು ಶುರುವಾಯಿತು. ಇದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ಹಾಕಬೇಕು ಎಂದು ಒಂದು ಮಧ್ಯಾಹ್ನ ವಿಕ್ರಮ ಬಂದು ಕೂತ. ವರದಾಬಾಯಿ ಅವನಿಗೆ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ನಿಂತಿದ್ದರು.

"ಇದೇನ್ರೀ ಅಕ್ಕೋರ? 'ಸಿಗದವರು' ಅಂತ ಒಂದ ಫೈಲ್ ಅದ. ಒಗದಬಿಡ್ಲ್ಯಾ?"

ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಂದಿ ಹೆಸರುಗಳನ್ನು ಬಾಯಿಗೆ ಬಂದ ಹಾಗೆ ಬರೆಯುತ್ತಾರೆ, ತಿದ್ದಲು ಬೇಕಾಗುತ್ತದೆ ಎಂದು ಆರಂಭದಲ್ಲಿ ಸಿಗದ ಹೆಸರುಗಳು ಬೇರೆಯಾಗಿ ಉಳಿಯುವಂತೆ ಮಾಡಿದ್ದರು. ಮಾಡಿ ಮರೆತಿದ್ದರು. ಅವರ ಕಿವಿಯೆಲ್ಲ ಗಂಟೆಯ ಕಡೆಗೆ ಇತ್ತು.

"ನೋಡೋಣ ತಡಿ, ಓದು."

ವಿಕ್ರಮ ನಗುತ್ತ ಓದತೊಡಗಿದ. ಯಾರೋ ಸಿನೆಮಾ ನಟಿಯ ಹೆಸರು ಹುಡುಕಿದ್ದರು. ಯಾರೋ "ಇವತ್ತಿನ ಒಣಮೆಣಸಿನಕಾಯಿ ರೇಟು" ಎಂದು ಕೇಳಿದ್ದರು. ಆಮೇಲೆ ಅವನ ಓದು ನಿಧಾನವಾಯಿತು.

"ಸಂಪದಾ. ಮತ್ತ ಸಂಪದಾ. ಮಾಸ್ತರ ಮನಿ ಸಂಪದಾ. ಇಲ್ನೋಡ್ರಿ, 'ಸಂಪದಾ ಅದಾಳೇನ್ರಿ' ಅಂತ. ಕೆಳಗ, 'ಸಲ್ಪ ಸಂಪದಾನ್ನ ಕರೀರಿ'. 'ಶೇಖವ್ವ ಬಂದಾಳ ಅಂತ ಹೇಳ್ರಿ, ಬರ್ತಾಳ'. ಯಾರೋ ಮುದುಕಿ ಇರಬೇಕ್ರೀ, ಬಾಗಲಾಗ ನಿಂತು ಕೇಳಿದಂಗ ಕಂಪ್ಯೂಟರಿನ್ನ ಕೇಳ್ಯಾಳ! 'ನಾವು ಈಗ ಇಳಕಲ್ಲಾಗ ಅದೇವಿ, ಬನಶಂಕರಿ ಗುಡಿ ಹಿಂದ, ಸಂಪದಾ ಬಂದ್ರ ಹೇಳ್ರಿ'. ಈ ಸಂಪದಾ ಯಾರ್ರೀ ಅಕ್ಕೋರ? ಹೊಳಿ ಓಣ್ಯಾಗ ಇದ್ಳೇನು?"

ವರದಾಬಾಯಿ ಬಗ್ಗಿ ಪರದೆಯ ಮೇಲಿನ ಆ ಸಾಲುಗಳನ್ನು ತಾವೇ ಇನ್ನೊಮ್ಮೆ ಓದಿದರು.

"ಅಕ್ಕೋರ?"

"ನಾ," ಅಂದರು. "ಸಂಪದಾ ಅಂದ್ರ ನಾ."

ಅವರ ಕಡೆಯಲ್ಲಿ ಮದುವೆಯಾದ ಹುಡುಗಿಗೆ ಹೆಸರು ಬದಲಿಸುವ ಪದ್ಧತಿ. ಅತ್ತೆ ಆರಿಸಿದ ಹೆಸರನ್ನು ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆಯುತ್ತಾನೆ, ಸುತ್ತ ನಿಂತವರು ಓದಿ ಚಪ್ಪಾಳೆ ತಟ್ಟುತ್ತಾರೆ. ಮಾಸ್ತರ ಮಗಳು ಸಂಪದಾ ಆ ತಾಟಿನಿಂದ ವರದಾ ಆಗಿ ಎದ್ದಳು. ಅಕ್ಕಿಯ ಮೇಲಿನ ಹೆಸರು ಆಮೇಲೆ ರೇಷನ್ ಕಾರ್ಡಿಗೆ ಹೋಯಿತು, ನೌಕರಿಯ ಕಾಗದಗಳಿಗೆ ಹೋಯಿತು, ಆಧಾರಿಗೆ ಹೋಯಿತು. ತಾಯಿ ಇರುವ ತನಕ ಹಳೆಯ ಹೆಸರಿಗೆ ಒಂದು ಬಾಯಿ ಇತ್ತು. ಅವರು ಹೋದ ಮೇಲೆ ಅದನ್ನು ಕೂಗುವವರು ಯಾರೂ ಉಳಿಯಲಿಲ್ಲ.

ಇದು ಅವರಿಗೆ ತಿಳಿಯದ ವಿಷಯವಲ್ಲ. ವೆಬ್‌ಸೈಟ್ ಶುರುವಾದಾಗ ಓಣಿಯ ತುಳಸೀಬಾಯಿ ಬಂದು, "ಅಲ್ವಾ ಟೀಚರ, ತವರಮನಿ ಓಣ್ಯಾಗ ಅತ್ತಿಮನಿ ಹೆಸರು ಹಾಕಿದ್ರ ನನ್ನ ಯಾರು ಗುರುತ ಹಿಡೀಬೇಕು?" ಎಂದು ತರಾಟೆಗೆ ತೆಗೆದುಕೊಂಡಿದ್ದರು. ಅದು ನ್ಯಾಯವೇ ಎಂದು ವರದಾಬಾಯಿ "ತವರಿನ ಹೆಸರು" ಎಂದು ಇನ್ನೊಂದು ಚೌಕ ಸೇರಿಸಿ, ಒಬ್ಬೊಬ್ಬ ಹೆಂಗಸಿಗೂ ಫೋನ್ ಮಾಡಿ ಕೇಳಿ ತುಂಬಿದರು. ತಮ್ಮದನ್ನು ಮಾತ್ರ ತುಂಬಲಿಲ್ಲ. ವರದಾ ಎನ್ನುವುದು ಪರೀಕ್ಷೆಗೆಂದು ಎಲ್ಲರಿಗಿಂತ ಮೊದಲು ಹಾಕಿದ ಹೆಸರು, ಮುಗಿದ ಕೆಲಸ ಎಂದು ಅದರ ಕಡೆ ತಿರುಗಿ ನೋಡಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಮಾತನ್ನು ಹುಡುಗರಿಗೆ ಎಷ್ಟು ಸಲ ಹೇಳಿದ್ದರೋ ಏನೋ. ಅತ್ತ ಶೇಖವ್ವ ತನ್ನ ಹೆಸರನ್ನು ಒಮ್ಮೆ ಬರೆಸಿದ್ದರೂ ಸಾಕಿತ್ತು, ಗೆಳತಿ ತನ್ನನ್ನು ಹುಡುಕುತ್ತಿದ್ದಾಳೆಂದು ತಿಳಿಯುತ್ತಿತ್ತು. ತನ್ನ ಹೆಸರನ್ನು ತಾನೇ ಯಾರು ಹುಡುಕುತ್ತಾರೆ?

ಅವಳು ಕೇಳಿದ ಪ್ರತಿ ಮಾತಿಗೂ ಈ ಜಿನೆಯ ಕೆಳಗಿನಿಂದ ಉತ್ತರ ಹೋಗಿತ್ತು. ಸಂಪದಾ ಇದ್ದಾಳೇನು? ಈ ಹೆಸರಿನವರು ಯಾರೂ ಇಲ್ಲ. ಸ್ವಲ್ಪ ಕರೆಯಿರಿ. ಈ ಹೆಸರಿನವರು ಯಾರೂ ಇಲ್ಲ. ವಿಕ್ರಮ ಪ್ರತಿ ಸಾಲಿನ ಹೊತ್ತನ್ನೂ ತೋರಿಸಿದ. ಹೆಚ್ಚಿನವು ಮಧ್ಯಾಹ್ನದ ಊಟದ ಹೊತ್ತಿನವು. ಅಂದರೆ ತಾವು ತಾಟು ಮುಂದಿಟ್ಟುಕೊಂಡು ಅದರ ಎದುರೇ ಕೂತಿದ್ದರು. ಹಸಿರು ದೀಪ ಮಿಣುಕಿತ್ತು, ಮಷೀನು ಎಂದು ಕಣ್ಣು ತಿರುಗಿಸಿದ್ದರು.

"ಆಮ್ಯಾಲೆ? ಮುಂದ ಓದು."

"ಮುಂದ ಇಲ್ರೀ. ಯುಗಾದಿ ಹತ್ರ ನಿಂತದ." ವಿಕ್ರಮ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. ಆ ವಯಸ್ಸಿನವರ ಮಾತು ತಟ್ಟನೆ ನಿಂತರೆ ಏನರ್ಥ ಎನ್ನುವುದು ಇಬ್ಬರಿಗೂ ಹೊಳೆದಿತ್ತು.

ಮರುದಿನ ಬೆಳಿಗ್ಗೆ ವರದಾಬಾಯಿ ಕೈಚೀಲ ಹಿಡಿದು ಅವನ ಅಂಗಡಿಗೆ ಬಂದು ಮನೆಯ ಕೀಲಿ ಕೊಟ್ಟರು. "ಇಳಕಲ್ಲಿಗೆ ಹೋಗ್ತೇನಿ. ಬರೂದು ತಡಾ ಆಗ್ತದ."

"ನಡುವ ಕರೆಂಟ್ ಹೋದ್ರ ಅಕ್ಕೋರ?"

"ಹೋಗ್ಲಿ."

ಬಸ್ಸು ಅಮೀನಗಡದಲ್ಲಿ ನಿಂತಿತು. ಕಿಟಕಿಯ ಹತ್ತಿರವೇ ಕರದಂಟಿನ ಅಂಗಡಿ, ಜನ ಇಳಿದು ಕಟ್ಟಿಸಿಕೊಂಡು ಬರುತ್ತಿದ್ದರು. ವರದಾಬಾಯಿ ಎದ್ದು ನಿಂತರು, ಮತ್ತೆ ಕೂತರು. ಇದ್ದರೆ ಕರದಂಟು ಒಯ್ಯಬೇಕು. ಹೋಗಿದ್ದರೆ, ಸೂತಕದ ಮನೆಗೆ ಸಿಹಿ ಹಿಡಿದುಕೊಂಡು ಹೋದ ಹಾಗಾಗುತ್ತದೆ. ಯಾವುದನ್ನೂ ತೀರ್ಮಾನಿಸಲಾರದೆ ಕೂತಿರುವಾಗಲೇ ಬಸ್ಸು ಹೊರಟಿತು. ಹುನಗುಂದ ದಾಟುವಾಗ, ಕಟ್ಟಿಸಿಕೊಳ್ಳಬೇಕಾಗಿತ್ತು ಎನಿಸಿ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಮನೆ ಕಾಯ್ದದ್ದು ಯಾರ ಬರವಿಗಾಗಿ, ಬಂದವಳನ್ನು ಹೊರಗಿಂದ ಹೊರಗೇ ಕಳಿಸುವುದಕ್ಕೇ? ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕ್ರೀ ಬಾಯಾರ, ಆರಾಮಿಲ್ಲೇನು?" ಎಂದು ಕೇಳಿದಳು. "ಧೂಳ್ರೀ" ಎಂದರು.

ಬನಶಂಕರಿ ಗುಡಿಯ ಹಿಂದಿನ ಓಣಿಯಲ್ಲಿ ಪವರ್‌ಲೂಮಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಕೊನೆಯ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ, ಕೈಮಗ್ಗದ ಮನೆ ಇದೇ ಇರಬೇಕು ಎಂದು ಅಲ್ಲಿಗೆ ಹೋದರು. ಬಾಗಿಲಲ್ಲಿ ಕಾಲೇಜು ಓದುವ ವಯಸ್ಸಿನ ಹುಡುಗಿಯೊಬ್ಬಳು ನಿಂತಿದ್ದಳು.

"ಯಾರು ಬೇಕಾಗಿತ್ರೀ?"

"ಶೇಖವ್ವ..."

"ಯಾರ ಬೇ ಪ್ರಿಯದರ್ಶಿನಿ ಅದು?" ಒಳಗಿನಿಂದ ಒಂದು ಧ್ವನಿ ಬಂತು. ಒಡೆದ ಧ್ವನಿ, ಆದರೆ ಜೋರಿಗೆ ಏನೂ ಕಡಿಮೆಯಿರಲಿಲ್ಲ. ಅದು ಶೇಖವ್ವನದೇ. ವರದಾಬಾಯಿಯವರು ಹೊಸ್ತಿಲಿಗೆ ಒಂದು ಹೆಜ್ಜೆ ಹತ್ತಿರ ಬಂದರು.

"ನಮ್ಮಜ್ಜಿಗೆ ಯಾರು ಬಂದಾರಂತ ಹೇಳ್ಲಿರೀ?"

"ವರದಾ ಅಂತ. ಬಾಗಲಕೋಟಿಯಿಂದ." ಆಡಿ ಆಡಿ ರೂಢಿಯಾದ ನಾಲಿಗೆ ತಾನೇ ಆಡಿಬಿಟ್ಟಿತು.

"ಅಂಥಾ ಹೆಸರಿನವರು ನಮಗ ಯಾರೂ ಗೊತ್ತಿಲ್ಲವಾ," ಎಂದಿತು ಒಳಗಿನ ಧ್ವನಿ. "ಸರ್ವೇದವರಿರಬೇಕು. ಮನ್ಯಾಗ ಯಾರೂ ಇಲ್ಲಂತ ಹೇಳಿ ಕಳಸು."

ಹುಡುಗಿ ನಾಚಿ ನಕ್ಕಳು. ವರದಾಬಾಯಿ ಚಪ್ಪಲಿ ಬಿಟ್ಟು, ಅವಳನ್ನು ದಾಟಿ ಒಳಗೆ ಹೋದರು. ಮಗ್ಗದ ಮುಂದೆ ಶೇಖವ್ವ ಕೂತಿದ್ದಳು. ಸೀರೆಯ ಮೈಯ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಕಣ್ಣಿನಲ್ಲಿ ಪೊರೆ ಬಂದಿತ್ತು, ಕೆಲಸವನ್ನೆಲ್ಲ ಬೆರಳೇ ನೋಡಿಕೊಳ್ಳುತ್ತಿದ್ದವು.

"ಶೇಖವ್ವಾ, ನಾ ಸಂಪದಾ."

ಬಹಳ ವರ್ಷಗಳ ಮೇಲೆ ಆ ಹೆಸರು ತಮ್ಮ ಬಾಯಿಂದಲೇ ಬಂದದ್ದು ಕೇಳಿ ಅವರಿಗೇ ಅದು ಬೇರೆಯವರದು ಎನಿಸಿತು. ಶೇಖವ್ವನ ಬೆರಳು ನಿಂತವು. ಆದರೆ ಮುಖ ಎತ್ತಲಿಲ್ಲ.

"ಸಂಪದಾ ಇಲ್ಲಂತ," ಅಂದಳು. "ಈ ಹುಡುಗಿ ಫೋನಿನ್ಯಾಗ ಎಷ್ಟ ಸಲ ಕೇಳಿಸೇನಿ. ಕೇಳಿದಾಗೊಮ್ಮೆ ಅದಽ ಮಾತು, ಯಾರೂ ಇಲ್ಲ, ಯಾರೂ ಇಲ್ಲ. ಯುಗಾದಿಗೆ ಇವರಪ್ಪ ಪರೀಕ್ಷಾ ಐತಂತ ಫೋನ್ ಕಸಗೊಂಡ. ಇಲ್ಲಂದ್ರ ಇನ್ನೂ ಕೇಳಸ್ತಿದ್ನಿ."

"ಆ ಮಾತು ಬರದಾಕಿ ನಾನಽ, ಶೇಖವ್ವಾ. ಅದನ್ನ ಹೇಳೂ ಮಷೀನು ನನ್ನ ಮನಿಯೊಳಗಽ ಅದ. ನನ್ನ ಹೆಸರಽ ಹಾಕಿದ್ದಿಲ್ಲ ನಾ ಅದರೊಳಗ. ಅತ್ತಿಮನಿ ಹೆಸರು ಹಾಕಿ ಕೂತಿದ್ದೆ."

"ನಿನ್ನ ಮನ್ಯಾಗ?"

"ಹೂಂ."

"ನಾ ಕೇಳುವಾಗ ನೀ ಒಳಗ ಇದ್ದೀ?"

"ಇದ್ದೆ."

ಶೇಖವ್ವ ನೂಲಿನ ಎಳೆಯನ್ನು ಬಿಟ್ಟು ಮಂಡಿಯ ಮೇಲೆ ಕೈ ಇಟ್ಟುಕೊಂಡಳು. "ನಿಮ್ಮಜ್ಜೀನೂ ಹಂಗಽ ಅಂತಿದ್ಲು. ಕಟ್ಟಿ ಕೆಳಗ ನಿಂತು ಕರದ್ರ, ಸಂಪದಾ ಮನ್ಯಾಗಿಲ್ಲ ಹೋಗು, ಅಂತಿದ್ಲು. ನಾವು ಹತ್ತಿ ಬರಬಾರದಲ್ಲ. ಒಳಗ ನಿನ್ನ ಗೆಜ್ಜಿ ಸಪ್ಪಳ ಕೇಳಸ್ತಿತ್ತು ನನಗ."

ವರದಾಬಾಯಿಯವರಿಗೆ ಇದು ಗೊತ್ತೇ ಇರಲಿಲ್ಲ. ಅವರಿಗೆ ನೆನಪಿದ್ದದ್ದು ಇಷ್ಟೇ: ಕೆಲವು ದಿನ ಶೇಖವ್ವ ಬರುತ್ತಿರಲಿಲ್ಲ. ಇವತ್ತೂ ಬರಲಿಲ್ಲವಲ್ಲ ಎಂದು ಒಳಗೆ ಕೂತು ಮುನಿಸಿಕೊಂಡು, ಸಂಜೆ ತಾವೇ ಮಗ್ಗದ ಹತ್ತಿರ ಹೋಗಿ ಜಗಳ ತೆಗೆಯುತ್ತಿದ್ದರು. ಬಾಗಿಲಿಗೆ ಬಂದು ಹೋಗಿದ್ದೆ ಎಂದು ಶೇಖವ್ವ ಒಂದು ಸಲವೂ ಹೇಳಿರಲಿಲ್ಲ. ಸುಮ್ಮನೆ ಬೈಸಿಕೊಂಡಿದ್ದಳು.

ಅವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತು ಅತ್ತರು. ಗಂಡ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪ್ರಿಯದರ್ಶಿನಿ ಗಾಬರಿಯಾಗಿ ನೀರು ತರಲು ಓಡಿದಳು.

"ನಾ ಇದ್ದೆ ಶೇಖವ್ವಾ. ಆವಾಗೂ ಒಳಗಽ ಇದ್ದೆ, ಈಗೂ ಒಳಗಽ ಇದ್ದೆ. ನನಗ ಗೊತ್ತಾಗಲಿಲ್ಲ."

ಶೇಖವ್ವನ ಕೈ ತಡವರಿಸುತ್ತ ಬಂದು ಅವರ ಮುಖವನ್ನು ಹುಡುಕಿ ಮುಟ್ಟಿತು.

"ನನಗ ಗೊತ್ತಿತ್ತಲ್ಲಬೇ," ಅಂದಳು. "ಇರಲಾರದವರನ್ನ ಯಾರರ ಅಷ್ಟ ಸಲ ಕರೀತಾರೇನು?"